ನಾಲ್ಕು ಬೆರಳು ಸವೆದ ಚಾಣ

ನಮ್ಮ ಊರಿಗೆ ಹೆಸರಿದೆ. ಹೇಳಲು ನಾಚಿಕೆಯಾಗುತ್ತದೆ, ಅದಕ್ಕೆ ಹೇಳುವುದಿಲ್ಲ. ನಾನು ಆ ಊರಿನ ದೇವಾಲಯದ ಗಂಟೆ ಹೊಡೆಯುವವನು. ಮೂವತ್ತು ವರ್ಷ ಹೊಡೆದಿದ್ದೇನೆ. ಹಗ್ಗ ಉಜ್ಜಿ ಉಜ್ಜಿ ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿವೆ. ಇದನ್ನು ನಾನು ಸಿಟ್ಟಿನಲ್ಲಿ ಹೇಳುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಹೇಳು ಅನ್ನುವವರು ಈಗಲೇ ಎದ್ದು ಹೋಗಬಹುದು. ಇದು ಸದ್ಯಕ್ಕೆ ಇಳಿಯುವ ಸಿಟ್ಟಲ್ಲ.

ನಮ್ಮದು ಕಲ್ಲಿನ ಊರು. ಬಡಗಣ ದಿಕ್ಕಿಗೆ ಗಣಿ. ಪದರು ಪದರಾಗಿ ಏಳುವ ಬಿಳಿಗಲ್ಲು. ಗಂಡಸರು, ಹೆಂಗಸರು ಎಲ್ಲರೂ ಅದನ್ನೇ ಸೀಳಿ ಬದುಕಿದವರು. ಕಲ್ಲು ಸೀಳುವ ಉಳಿಗೆ ನಾವು ಚಾಣ ಅನ್ನುತ್ತೇವೆ. ಚಾಣದ ತಲೆಯ ಮೇಲೆ ಮೂರು ಪೆಟ್ಟು, ಆಮೇಲೆ ಒಂದು ಉಸಿರು. ಮತ್ತೆ ಮೂರು ಪೆಟ್ಟು, ಮತ್ತೆ ಒಂದು ಉಸಿರು. ಹಗಲೆಲ್ಲ ಊರಿನಲ್ಲಿ ಅದೇ ಸದ್ದು. ತೊಟ್ಟಿಲ ಕೂಸೂ ಆ ಸದ್ದನ್ನು ಗುರುತು ಹಿಡಿಯುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸೀಳಿದ ಕಲ್ಲಿನೊಳಗೆ ಎಲುಬುಗಳಿರುತ್ತವೆ. ಮೀನಿನವು, ಹಕ್ಕಿಯವು, ಯಾವುದರದ್ದೆಂದು ಹೇಳಲಾಗದವು. ಅವುಗಳಿಗಾಗಿ ನಮ್ಮ ಊರಿನಲ್ಲಿ ಒಂದು ಕಟ್ಟಳೆ. ಕಲ್ಲಿನೊಳಗಿಂದ ಬಂದದ್ದೆಲ್ಲ ಒಂದೇ ದಿನ ಸತ್ತದ್ದು. ಆ ದಿನ ಮಹಾ ನೀರು ಬಂತು. ದೇವರ ಮಾತು ಕೇಳಿದವರು ನಾವೆಯೊಳಗೆ ಹೋದರು, ಕೇಳದವರು ಹೊರಗೆ ಉಳಿದರು. ನೀರು ಇಳಿದಾಗ ಕೆಸರು ಕಲ್ಲಾಯಿತು, ಹೊರಗೆ ಉಳಿದವರು ಅದರೊಳಗೆ ಸೇರಿದರು. ಎಲ್ಲ ಕಲ್ಲೂ ಒಂದೇ ದಿನ ಆದದ್ದು. ಎಲ್ಲ ಸಾವೂ ಒಂದೇ ದಿನದ ಸಾವು.

ಲೋಕಕ್ಕೆ ಎಷ್ಟು ವಯಸ್ಸು ಅಂತ ನಮಗೆ ಗೊತ್ತಿತ್ತು. ದೇವಾಲಯದ ಒಳಗೋಡೆಯ ಮೇಲೆ ಪಿತೃಗಳ ಹೆಸರು ಬರೆದಿದೆ. ಮೇಲೆ ಮೊದಲ ಮನುಷ್ಯ, ಕೆಳಗೆ ದೇವಾಲಯದ ಗುರುಗಳಾದ ನಮ್ಮ ಅಯ್ಯನವರು. ಗೋಡೆ ಇಪ್ಪತ್ತು ಮೊಳ ಎತ್ತರ. ಲೋಕದ ವಯಸ್ಸೂ ಇಪ್ಪತ್ತು ಮೊಳ. ಅದಕ್ಕಿಂತ ಹಳೆಯದು ಏನಾದರೂ ಇದೆ ಅಂದರೆ ಅದನ್ನು ಬರೆಯಲು ಗೋಡೆಯಲ್ಲಿ ಜಾಗ ಇರಲಿಲ್ಲ.

ಒಮ್ಮೆ ಕಲ್ಲಿನಿಂದ ಎಮ್ಮೆಯಷ್ಟು ದೊಡ್ಡ ತಲೆಬುರುಡೆ ಬಂತು. ಒಂದೊಂದು ಹಲ್ಲೂ ಗೇಣುದ್ದ. ಅಯ್ಯನವರು ನೋಡಿ, ಇದು ದೊಡ್ಡ ಹಲ್ಲಿ, ಮೊದಲ ಮನುಷ್ಯ ಇದಕ್ಕೆ ಲಗಾಮು ಹಾಕಿ ಹೊಲಕ್ಕೆ ಹೋಗುತ್ತಿದ್ದ ಅಂದರು. ನಾವು ಹೌದೆಂದೆವು. ಹಾಗಾದರೆ ಈ ಹಲ್ಲು ಯಾತಕ್ಕೆ ಅಂತ ಯಾರೋ ಕೇಳಿದರು. ಆಗ ಯಾರೂ ಮಾಂಸ ತಿನ್ನುತ್ತಿರಲಿಲ್ಲ, ಹಲ್ಲು ಕಲ್ಲಂಗಡಿ ಒಡೆಯಲಿಕ್ಕೆ ಅಂದರು. ನಾವು ಹೌದೆಂದೆವು. ಇಷ್ಟು ದೊಡ್ಡದು ನಾವೆಯೊಳಗೆ ಹೇಗೆ ಹಿಡಿಸಿತು? ಮರಿಗಳನ್ನು ಒಯ್ದರು, ದೊಡ್ಡವು ಹೊರಗೆ ಉಳಿದವು ಅಂದರು. ನಾವು ಹೌದೆಂದೆವು. ಇನ್ನೊಮ್ಮೆ ಹುಬ್ಬು ಉಬ್ಬಿದ, ಗದ್ದವಿಲ್ಲದ ಒಂದು ತಲೆ ಬಂತು. ಮನುಷ್ಯನದೂ ಅನ್ನಿಸಲಿಲ್ಲ, ಕೋತಿಯದೂ ಅನ್ನಿಸಲಿಲ್ಲ. ಅಯ್ಯನವರ ಹತ್ತಿರ ಒಂದು ಕಬ್ಬಿಣದ ಬಳೆ ಇತ್ತು. ಬಳೆಯೊಳಗೆ ತಲೆ ತೂರಿದರೆ ಕೋತಿ, ತೂರದಿದ್ದರೆ ಮನುಷ್ಯ. ನಡುವೆ ದೇವರು ಏನನ್ನೂ ಮಾಡಿಲ್ಲ. ಆ ತಲೆ ತೂರಲಿಲ್ಲ. ಹಾಗಾದರೆ ಇವನು ಒಂಬೈನೂರು ವರ್ಷ ಬದುಕಿ ಮುಪ್ಪಿನಿಂದ ಮುಖ ಕೆಟ್ಟವನು ಅಂದರು. ನಾವು ಅದಕ್ಕೂ ಹೌದೆಂದೆವು. ಹೌದು ಅನ್ನುವುದರಲ್ಲಿ ನಮ್ಮನ್ನು ಮೀರಿಸುವ ಊರು ಇನ್ನೊಂದಿಲ್ಲ.

ಪ್ರತಿ ಶನಿವಾರ ಆ ವಾರದ ಎಲುಬುಗಳನ್ನು ದೇವಾಲಯದ ಮುಂದಿನ ಕಟ್ಟೆಯ ಮೇಲೆ ಇಡುತ್ತಾರೆ. ಅದಕ್ಕೆ ಬೈಗುಳದ ಕಟ್ಟೆ ಅಂತ ಹೆಸರು. ನಾನು ನಲವತ್ತು ಸಲ ಗಂಟೆ ಹೊಡೆಯುತ್ತೇನೆ. ಜನ ಸಾಲಾಗಿ ಬರುತ್ತಾರೆ. ಒಬ್ಬೊಬ್ಬರೂ ಎಲುಬಿನ ಮುಂದೆ ನಿಂತು ಒಂದೇ ಮಾತು ಹೇಳುತ್ತಾರೆ:

"ಬಾಗಿಲು ತೆರೆದಿತ್ತು. ನೀನು ಬರಲಿಲ್ಲ."

ಹೇಳಿ ಒಂದು ಹಿಡಿ ಧೂಳು ಎರಚಿ ಮುಂದೆ ಹೋಗುತ್ತಾರೆ. ಬಾಗಿಲು ತೆರೆದಿತ್ತು. ನೀನು ಬರಲಿಲ್ಲ. ಮುದುಕರು ಹೇಳುತ್ತಾರೆ, ಬಸುರಿಯರು ಹೇಳುತ್ತಾರೆ. ಮೀನಿಗೂ ಹೇಳುತ್ತಾರೆ. ನೀರು ಬಂದರೆ ಮೀನು ಯಾಕೆ ಸಾಯಬೇಕು ಅಂತ ಯಾರೂ ಕೇಳಿದ್ದಿಲ್ಲ. ಸಾಲು ಮುಗಿದ ಮೇಲೆ ಎಲುಬನ್ನೆಲ್ಲ ಸುಣ್ಣದ ಭಟ್ಟಿಗೆ ಹಾಕಿ ಸುಡುತ್ತಾರೆ. ಆ ಸುಣ್ಣವನ್ನೇ ದೇವಾಲಯದ ಗೋಡೆಗೆ ಬಳಿಯುತ್ತಾರೆ. ನಮ್ಮ ದೇವಾಲಯ ಹಾಲಿನಷ್ಟು ಬೆಳ್ಳಗಿದೆ. ಪರಊರಿನವರು ದಾರಿಯಲ್ಲೇ ನಿಂತು ಕೈಮುಗಿಯುತ್ತಾರೆ.

ಊರಿನವರು ಸತ್ತರೆ ರೀತಿ ಬೇರೆ. ಅವರನ್ನು ಮಣ್ಣಿಗೆ ಕೊಡುತ್ತೇವೆ. ನಾನು ಸಾವಿನ ಗಂಟೆ ಹೊಡೆಯುತ್ತೇನೆ, ನಿಧಾನಕ್ಕೆ ಮೂರು ಸಲ. ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತಾರೆ. ವರ್ಷಕ್ಕೊಮ್ಮೆ ಅಯ್ಯನವರು ಆ ಹೆಸರುಗಳನ್ನೆಲ್ಲ ಓದುತ್ತಾರೆ. ಹೆಣ ಸಿಗದವನಿಗೆ ಕಲ್ಲಿಲ್ಲ. ಕಲ್ಲಿಲ್ಲದವನ ಹೆಸರನ್ನು ಊರಿನಲ್ಲಿ ಯಾರೂ ಬಾಯಿಂದ ಆಡುವ ಹಾಗಿಲ್ಲ.

ಇನ್ನೊಂದು ಹಬ್ಬದ ವಿಷಯ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷದ ಕೆಳಗೆ ಒಂದು ದಿನ ಗಣಿಯ ಕಲ್ಲೇ ಬಡಿಯತೊಡಗಿತು. ಒಳಗಿನಿಂದ. ಮೂರು ಪೆಟ್ಟು, ಒಂದು ಉಸಿರು. ಮೂರು ಪೆಟ್ಟು, ಒಂದು ಉಸಿರು. ಜನ ಚಾಣ ಕೆಳಗಿಟ್ಟು ಊರಿಗೆ ಓಡಿ ಬಂದರು. ಅಯ್ಯನವರು ಗಣಿಯ ಅಂಚಿಗೆ ಹೋಗಿ ಕಿವಿಗೊಟ್ಟು ಕೇಳಿದರು. ಮಹಾ ನೀರಿನಲ್ಲಿ ಮುಳುಗಿದ ಪಾಪಿಗಳು ನಾವೆಯ ಬಾಗಿಲು ಬಡಿಯುತ್ತಿದ್ದಾರೆ ಅಂದರು. ಅದು ನಮ್ಮವರ ಪೆಟ್ಟಿನ ಹಾಗಿದೆಯಲ್ಲ ಅಂತ ಒಬ್ಬ ಅಂದ. ನಮ್ಮನ್ನು ಮರುಳು ಮಾಡಲು ನಮ್ಮ ಪೆಟ್ಟನ್ನೇ ಕಲಿತಿದ್ದಾರೆ, ಕೇಳಿಸಿಕೊಂಡರೂ ಪಾಪ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಗಂಟಿ ಹೊಡಿ" ಅಂದರು. ನಾನು ಹೊಡೆದೆ. ಮೂರು ಹಗಲು, ಮೂರು ರಾತ್ರಿ. ಕೈ ಸೋತಾಗ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಎಳೆದೆ. ನಾಲ್ಕನೆಯ ದಿನ ಬಡಿತ ನಿಂತಿತು. ಊರು ನನಗೆ ಶಾಲು ಹೊದಿಸಿತು. ಅಂದಿನಿಂದ ವರ್ಷ ವರ್ಷವೂ ಆ ದಿನ ಮೌನದ ಹಬ್ಬ. ಮನೆಮನೆಯಲ್ಲಿ ಪಾಯಸ.

ಈಗ ಅವಳ ವಿಷಯ. ಅವಳನ್ನು ಸೀಳುವವಳು ಅನ್ನುತ್ತೇನೆ, ಊರಿನಲ್ಲಿ ಅವಳಷ್ಟು ನಯವಾಗಿ ಪದರು ಬಿಡಿಸುವವರು ಯಾರೂ ಇರಲಿಲ್ಲ. ಊರು ಅವಳನ್ನು ಹಾಗೆ ಕರೆಯುತ್ತಿರಲಿಲ್ಲ. ಓಡಿಹೋದವನ ಹೆಂಡತಿ ಅನ್ನುತ್ತಿತ್ತು. ಹತ್ತೊಂಬತ್ತು ವರ್ಷದ ಕೆಳಗೆ ಅವಳು ಹೆರಿಗೆಗೆ ತವರಿಗೆ ಹೋಗಿದ್ದಳು. ಮೂರು ತಿಂಗಳ ಹೆಣ್ಣುಕೂಸು ಕಟ್ಟಿಕೊಂಡು ತಿರುಗಿ ಬಂದಾಗ ಮನೆಗೆ ಬೀಗ ಇತ್ತು. ನಿನ್ನ ಗಂಡ ಸಂತೆಯ ದಿನ ಬಳೆ ಮಾರುವವಳ ಹಿಂದೆ ಹೋದ, ಬಡಿತ ಶುರುವಾಗುವ ಒಂದು ವಾರ ಮುಂಚೆಯೇ ಹೋದ ಅಂದರು. ಹೋದದ್ದನ್ನು ಕಂಡವರು ಯಾರೂ ಇಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಂಡೆ ಅಂದರು, ಅಷ್ಟೇ. ದೇವಾಲಯದಲ್ಲಿ ಅವಳಿಗೆ ಕೊನೆಯ ಬೆಂಚು. ಓಡಿಹೋದವನ ಮಗಳನ್ನು ಕೇಳಿಕೊಂಡು ಒಂದು ಗಂಡೂ ಬರಲಿಲ್ಲ. ಅವಳು ಗಂಡ ಮನೆಯಲ್ಲಿ ಬಿಟ್ಟಿದ್ದ ಹಳೆಯ ಸುತ್ತಿಗೆ ಕೈಗೆತ್ತಿಕೊಂಡಳು, ಕಲ್ಲು ಸೀಳಿದಳು, ಮಗಳನ್ನು ಬೆಳೆಸಿದಳು. ಪ್ರತಿ ವರ್ಷ ಮೌನದ ಹಬ್ಬಕ್ಕೆ ಅವಳೂ ಪಾಯಸ ಮಾಡಿದಳು. ಇದನ್ನು ನೆನೆದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ.

ಗಣಿಯ ಬಡಗಣ ಮೂಲೆಯಲ್ಲಿ ಚಾವಣಿ ಕುಸಿದ ಒಂದು ಹಳೆಯ ಗುಂಡಿ ಇದೆ. ಅಲ್ಲಿ ಬೇಸಿಗೆಯಲ್ಲೂ ನೀರು ತೊಟ್ಟಿಕ್ಕುತ್ತದೆ. ಸುಣ್ಣ ಕರಗಿದ ನೀರು. ಅದರ ಕೆಳಗೆ ಮರೆತು ಇಟ್ಟ ಗಡಿಗೆ ನಾಲ್ಕೈದು ವರ್ಷದಲ್ಲಿ ಬಿಳಿಯ ಕಲ್ಲು ಕಟ್ಟಿ ಎತ್ತಲಾರದಷ್ಟು ಭಾರವಾಗುತ್ತದೆ. ಕಲ್ಲು ಬೆಳೆಯುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಆದರೂ ಶನಿವಾರ ಬಂದರೆ ಎಲ್ಲ ಕಲ್ಲೂ ಒಂದೇ ದಿನ ಆದದ್ದು ಅನ್ನುತ್ತಿದ್ದೆವು. ಕಣ್ಣಿನ ಪಾಡಿಗೆ ಕಣ್ಣು, ಬಾಯಿಯ ಪಾಡಿಗೆ ಬಾಯಿ.

ಒಂದು ಬುಧವಾರ ಸೀಳುವವಳು ಆ ಗುಂಡಿಯ ಕಲ್ಲು ಬಿಡಿಸಿದಳು. ಮಧ್ಯಾಹ್ನ ನನ್ನ ಹತ್ತಿರ ಬಂದಳು. ಮೈತುಂಬ ಬಿಳಿಧೂಳು. ಅಳುತ್ತಿರಲಿಲ್ಲ.

"ಸಾವಿನ ಗಂಟಿ ಹೊಡಿ ಅಣ್ಣಾ" ಅಂದಳು. "ನನ್ನ ಗಂಡ ಸಿಕ್ಕಾನ."

ನಾನು ಹಗ್ಗ ಹಿಡಿದೆ. ಅಷ್ಟರಲ್ಲಿ ಅಯ್ಯನವರು ಹೊರಗೆ ಬಂದರು.

"ಎಲ್ಲಿ ಸಿಕ್ಕ?"

"ಬಡಗಣ ಗುಂಡ್ಯಾಗ್ರಿ."

"ಮಣ್ಣಾಗೋ, ಕಲ್ಲಾಗೋ?"

ಅವಳು ಮಣ್ಣಿನಲ್ಲಿ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ನಾನು ಗಂಟೆ ಹೊಡೆಯುತ್ತಿದ್ದೆ, ಅವನಿಗೆ ಹೆಸರಿನ ಕಲ್ಲು ಸಿಗುತ್ತಿತ್ತು. ಅವಳು ಸುಳ್ಳು ಹೇಳಲಿಲ್ಲ. ಇಡೀ ಊರಿನಲ್ಲಿ ಆ ದಿನ ನಿಜ ಹೇಳಿದವಳು ಅವಳೊಬ್ಬಳೇ.

"ಕಲ್ಲಾಗ್ರಿ."

"ಹಂಗಾರ ಅಂವ ನಿನ್ನ ಗಂಡ ಅಲ್ಲ, ಮಗಳ. ಕಲ್ಲಾಗ ಇದ್ದವ್ರು ಎಲ್ಲಾರೂ ಒಂದ ದಿನ ಸತ್ತವ್ರು."

"ಎಡಗಾಲ ನೋಡ್ರಿ ಅಯ್ಯನವರ. ಮೊಣಕಾಲ ಕೆಳಗ ಸೊಟ್ಟ ಕೂಡೇತಿ. ನಿಚ್ಚಣಿಕಿ ಮ್ಯಾಲಿಂದ ಬಿದ್ದು ಮುರಕೊಂಡಿದ್ದ. ಬಿದಿರ ದಬ್ಬಿ ಇಟ್ಟು ಕಟ್ಟಿದಾಕಿ ನಾನ. ನನಗ ಕಟ್ಟಾಕ ಬರ್ತಿರಲಿಲ್ಲ, ಸೊಟ್ಟ ಆತು. ನೀ ಕಟ್ಟಿದ ಕಾಲು ನಿನ್ನ ಮನಿ ಕಡೇನ ತಿರಗತೈತಿ ಅಂತ ದಿನಾ ಕಾಡಸ್ತಿದ್ದ."

"ಆ ಕಾಲದ ಮಂದಿ ಏಳ್ನೂರು ಎಂಟ್ನೂರು ವರ್ಷ ಬದಕ್ತಿದ್ರವ್ವಾ. ಅಷ್ಟು ವರ್ಷ ನಡದ್ರ ಯಾರ ಕಾಲಾದ್ರೂ ಸೊಟ್ಟ ಆಗತೈತಿ."

"ನನ್ನ ಗಂಡಗ ಮೂವತ್ನಾಕು ವರ್ಷ ಆಗಿತ್ರಿ."

ಅಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟರು. ಅವರು ಕೆಟ್ಟವರಲ್ಲ. ನನ್ನ ಹೆಂಡತಿ ಸಾಯುವಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಅವಳ ಬಾಯಿಗೆ ನೀರು ಬಿಟ್ಟವರು ಅವರು. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಕೆಲಸ ಸುಲಭವಾಗುತ್ತಿತ್ತು. "ನಿನ್ನ ಸಂಕಟ ನನಗ ತಿಳಿತೈತಿ" ಅಂದರು. "ಆದ್ರ ಒಂದ ಎಲುಬಿಗೆ ಬ್ಯಾರೆ ದಿನ ಕೊಟ್ರ ಎಲ್ಲಾ ಎಲುಬೂ ಬ್ಯಾರೆ ದಿನ ಕೇಳ್ತಾವ. ಆಮ್ಯಾಲ ಆ ಗ್ವಾಡಿ ಉಳಿಯಂಗಿಲ್ಲ."

ಆಗ ಅವಳು ಸೆರಗಿನಿಂದ ಒಂದು ವಸ್ತು ತೆಗೆದಳು. ಅರ್ಧ ಸುಣ್ಣಗಲ್ಲು ಹಿಡಿದ ಒಂದು ಚಾಣ. "ಇದು ಅಂವನ ಕೈಯಾಗ ಇತ್ತು" ಅಂದಳು.

ಅಯ್ಯನವರ ಮುಖ ಅರಳಿತು. ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ, ಅರಳಿತು. ಕಲ್ಲಿನೊಳಗೆ ಕಬ್ಬಿಣ. ಮಹಾ ನೀರಿಗಿಂತ ಮುಂಚಿನವರೂ ನಮ್ಮ ಹಾಗೆ ಕಮ್ಮಾರರಾಗಿದ್ದರು, ನಮ್ಮ ಹಾಗೆ ಚಾಣ ಹಿಡಿಯುತ್ತಿದ್ದರು! ಇಂಥ ಸಾಕ್ಷಿಗಾಗಿ ಅವರು ಆಯುಷ್ಯವೆಲ್ಲ ಕಾದಿದ್ದರು. ಅವಳ ಕೈಯಿಂದ ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲಿ ಇನ್ನೂ ಬಂದಿರಲಿಲ್ಲ.

ಸಂಜೆ ಊರು ಸೇರಿತು. ಚಾಣದ ಕುತ್ತಿಗೆಯಲ್ಲಿ ಒಂದು ಗುರುತು ಇತ್ತು, ಅರ್ಧಚಂದ್ರದ ಕೆಳಗೆ ಒಂದು ಚುಕ್ಕೆ. ಸೀಳುವವಳು ಕಮ್ಮಾರನ ಕಡೆ ನೋಡಿದಳು. ಊರಿಗೆ ಒಬ್ಬನೇ ಕಮ್ಮಾರ, ಈಗ ಮುದುಕ. ಅವನು ಮಾಡಿದ ಒಂದೊಂದು ಚಾಣದ ಮೇಲೂ ಅದೇ ಗುರುತು.

"ಮಾವಾ, ಇದು ನಿನ್ನ ಗುರುತು ಹೌದಲ್ಲೋ?" ಅಂದಳು.

ಕಮ್ಮಾರ ಚಾಣ ನೋಡಿದ. ಅಯ್ಯನವರನ್ನು ನೋಡಿದ. ಸುತ್ತಲೂ ನಿಂತ ನಮ್ಮನ್ನು ನೋಡಿದ. ನಾವು ಅವನನ್ನು ಹೇಗೆ ನೋಡಿದೆವು ಅನ್ನುವುದು ನಮಗೆ ಗೊತ್ತು.

"ಮುಂಚಿನವ್ರೂ ಇದ ಗುರುತು ಹಾಕ್ತಿದ್ರೋ ಏನೋ" ಅಂದ.

ನಾವು ಹೌದೆಂದೆವು.

ಮರುದಿನ ಚಾಣ ಗಾಜಿನ ಪೆಟ್ಟಿಗೆ ಸೇರಿತು. ಸುತ್ತಲಿನ ಊರುಗಳಿಗೆ ಸುದ್ದಿ ಹೋಯಿತು. ಜನ ಬುತ್ತಿ ಕಟ್ಟಿಕೊಂಡು ಬಂದರು, ಮಕ್ಕಳನ್ನು ಹೆಗಲ ಮೇಲೆ ಎತ್ತಿ ತೋರಿಸಿದರು. ಎಲುಬುಗಳನ್ನು ಒಂದು ಗೋಣಿಯಲ್ಲಿ ಸುತ್ತಿ ಭಟ್ಟಿಯ ಪಕ್ಕದಲ್ಲಿ ಇಟ್ಟರು. ಶನಿವಾರಕ್ಕೆ ಎರಡು ದಿನ ಉಳಿದಿತ್ತು. ಶನಿವಾರ ಊರು ಅವನನ್ನು ಬೈಯಬೇಕು, ಅವಳೂ ಬೈಯಬೇಕು. ಬೈಯದವರಿಗೆ ಊರಿನಲ್ಲಿ ನೀರಿಲ್ಲ, ಬೆಂಕಿಯಿಲ್ಲ. ಬೈದ ಮೇಲೆ ಅವನು ಸುಣ್ಣವಾಗುತ್ತಾನೆ. ಆಮೇಲೆ ಅವನು ಓಡಿಹೋದವನಾಗಿಯೇ ಉಳಿಯುತ್ತಾನೆ, ಅವಳ ಮಗಳು ಓಡಿಹೋದವನ ಮಗಳಾಗಿಯೇ ಮುದುಕಿಯಾಗುತ್ತಾಳೆ.

ಗುರುವಾರ ಗಂಟೆಯ ನಾಲಗೆಯ ಕೊಂಡಿ ಸಡಿಲಾಗಿತ್ತು. ಅದನ್ನು ಬಿಗಿ ಮಾಡಿಸಲು ಕಮ್ಮಾರನ ಕುಲುಮೆಗೆ ಹೋದೆ. ಅವನು ಕೊಂಡಿ ತೆಗೆದುಕೊಂಡ, ಬೆಂಕಿಗೆ ಹಾಕಲಿಲ್ಲ. ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೂತ.

"ಆ ಚಾಣ ನಂದ" ಅಂದ.

"ಗೊತ್ತೈತಿ" ಅಂದೆ. ಯಾರಿಗೆ ಗೊತ್ತಿರಲಿಲ್ಲ?

"ನಿನಗ ಏನೂ ಗೊತ್ತಿಲ್ಲ. ಅಂವ ಸಂತಿ ದಿನ ಹೋಗಿಲ್ಲ. ಕಲ್ಲ ಬಡ್ಯಾಕ ಹತ್ತಿದ ದಿನ ಮುಂಜಾನಿ ನನ್ನ ಕಡೆ ಬಂದಿದ್ದ. ಮಗಳ ಹುಟ್ಯಾಳ, ಪೇಡೆ ಕೊಡ್ತೀನಿ ಸಂಜೀಕ ಬಾ ಅಂದ. ಹೊಸಾ ಚಾಣ ಒಯ್ದ. ಒಂದ ಗೇಣ ಉದ್ದ ಇತ್ತು. ಕಲ್ಲಿಗೆ ಇನ್ನೂ ತಾಗಿರಲಿಲ್ಲ." ಅವನು ತನ್ನ ಕೈಯನ್ನು ಅಗಲಿಸಿ ಗೇಣು ತೋರಿಸಿದ, ಆಮೇಲೆ ಇನ್ನೊಂದು ಕೈಯ ನಾಲ್ಕು ಬೆರಳು ಅಡ್ಡ ಇಟ್ಟು ಅದರಲ್ಲಿ ಅಷ್ಟು ಮುಚ್ಚಿದ. "ಈಗ ಅದು ನಾಕ ಬೆರಳ ಸವದೈತಿ. ದಿನಾ ಕಲ್ಲ ಸೀಳಿದ್ರೂ ಅಷ್ಟ ಸವ್ಯಾಕ ಒಂದ ತಿಂಗಳ ಬೇಕು."

"ಮತ್ತ?"

"ಪದರಿಗೆ ಅಡ್ಡ, ಹಗಲಿ ರಾತ್ರಿ ನಿಲ್ಲಸದ ಬಡದ್ರ ಮೂರ ದಿನ ಸಾಕು."

ಕುಲುಮೆಯ ಮುಂದೆ ಕೂತಿದ್ದರೂ ನನಗೆ ಚಳಿ ಹತ್ತಿತು.

"ಆವಾಗ ಯಾಕ ಹೇಳಲಿಲ್ಲ?"

"ನನಗ ಯಾರೂ ಕೇಳಲಿಲ್ಲ" ಅಂದ. "ನೀ ಗಂಟಿ ಹೊಡಿಯಾಕ ಹತ್ತಿದ್ದಿ. ಆ ಗದ್ದಲದಾಗ ಯಾರ ಮಾತ ಯಾರಿಗೆ ಕೇಳಸ್ತಿತ್ತು?"

ನಾನು ಅವನಿಗೆ ಹೊಡೆಯಬೇಕು ಅಂದುಕೊಂಡೆ. ಕೈ ಎತ್ತಿದೆ ಕೂಡ. ಎತ್ತಿದ ಕೈಯನ್ನು ನೋಡಿದೆ. ಹಗ್ಗ ಉಜ್ಜಿ ಗೆರೆ ಅಳಿಸಿದ ಕೈ. ಹೊಡೆಯಬೇಕಾದದ್ದು ಯಾರಿಗೆ ಅಂತ ತಿಳಿದು ಕೆಳಗಿಳಿಸಿದೆ. ಅವನು ಕೊಂಡಿ ಕಾಯಿಸಿ ಬಡಿದು ಬಿಗಿ ಮಾಡಿದ. ನಾನು ಅದನ್ನು ತಂದು ಗಂಟೆಗೆ ಸಿಕ್ಕಿಸಿದೆ.

ಶುಕ್ರವಾರ ನಾನು ಸೀಳುವವಳ ಬಾಗಿಲ ತನಕ ಹೋದೆ. ಒಳಗೆ ಅವಳು ಮಗಳ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡು, "ಬಾ ಅಣ್ಣಾ" ಅಂದಳು. ನಾನು ಏನೂ ಇಲ್ಲ ಅಂದು ತಿರುಗಿ ಬಂದೆ. ಇದನ್ನು ಮುಚ್ಚಿಡುವುದಿಲ್ಲ. ಊರನ್ನು ಬೈಯುವಾಗ ನನ್ನನ್ನು ಬಿಟ್ಟು ಬೈಯುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು.

ಶನಿವಾರ ಬಂತು. ಕಟ್ಟೆಯ ಮೇಲೆ ಗೋಣಿ ಹಾಸಿ ಎಲುಬುಗಳನ್ನು ಇಟ್ಟರು. ಪಕ್ಕದಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಚಾಣ. ಪರಊರಿನವರಿಗೂ ಕಾಣಲಿ ಅಂತ ಮುಚ್ಚಳ ತೆಗೆದಿಟ್ಟಿದ್ದರು. ಅಷ್ಟು ಜನವನ್ನು ನಮ್ಮ ಊರು ಎಂದೂ ಕಂಡಿರಲಿಲ್ಲ. ನಾನು ನಲವತ್ತು ಸಲ ಗಂಟೆ ಹೊಡೆದೆ. ಹೌದು, ಹೊಡೆದೆ. ಸಾಲು ಹೊರಟಿತು.

ಬಾಗಿಲು ತೆರೆದಿತ್ತು. ನೀನು ಬರಲಿಲ್ಲ.

ಅವನ ಪಕ್ಕದ ಮನೆಯವನು ಹೇಳಿದ. ಅವನ ಮದುವೆಯಲ್ಲಿ ಉಂಡವರು ಹೇಳಿದರು. ಬಾಗಿಲು ತೆರೆದಿತ್ತು. ನೀನು ಬರಲಿಲ್ಲ. ಅವನ ಸುತ್ತಿಗೆಯನ್ನು ಎರವಲು ಪಡೆದವರು ಹೇಳಿದರು. ಪರಊರಿನವರು ಅವನು ಯಾರೆಂದು ತಿಳಿಯದೆ ಇನ್ನೂ ಜೋರಾಗಿ ಹೇಳಿದರು. ಒಬ್ಬೊಬ್ಬರೂ ಒಂದು ಹಿಡಿ ಧೂಳು ಎರಚಿದರು. ಸೊಟ್ಟ ಕಾಲಿನ ಎಲುಬು ಧೂಳಿನಲ್ಲಿ ಮುಚ್ಚಿತು.

ಕೊನೆಯ ಬೆಂಚಿನವಳು ಸಾಲಿನ ಕೊನೆಗೆ ಬಂದಳು. ಕಟ್ಟೆಯ ಮುಂದೆ ನಿಂತಳು. ಧೂಳು ತೆಗೆದುಕೊಳ್ಳಲಿಲ್ಲ. ಸೆರಗಿನ ತುದಿಯಿಂದ ಆ ಎಲುಬಿನ ಮೇಲಿನ ಧೂಳು ಒರೆಸಿದಳು.

"ಹೇಳು ಮಗಳ" ಅಂದರು ಅಯ್ಯನವರು.

"ಹೇಳ್ತೀನ್ರಿ. ಅದಕ್ಕೂ ಮುಂಚೆ ಒಂದ ಮಾತ ಕೇಳ್ತೀನಿ." ಅವಳು ಅಯ್ಯನವರ ಕಡೆ ನೋಡಲಿಲ್ಲ, ನಮ್ಮ ಕಡೆ ತಿರುಗಿದಳು. "ದೇವರ ಮ್ಯಾಲ ನನಗೇನೂ ಸಿಟ್ಟಿಲ್ಲ. ಗುಂಡಿ ಕುಸೀತು, ಅಂವ ಸಿಕ್ಕೊಂಡ. ಅದು ಯಾರ ತಪ್ಪೂ ಅಲ್ಲ. ಆದ್ರ ಆ ಗುಂಡಿ ಒಳಗಿನ ಗ್ವಾಡಿ ನಾ ನೋಡೇನಿ. ನಾ ಸೀಳಾಕಿ, ನನಗ ಚಾಣದ ಗಾಯ ತಿಳಿತೈತಿ. ಒಂದ ತೋಳಿನಷ್ಟ ಉದ್ದ ಕೊರದಾನ. ಇನ್ನೊಂದ ಗೇಣ ಕೊರದಿದ್ರ ಹೊರಗ ಬರ್ತಿದ್ದ. ಅಷ್ಟ ಕೊರಿಯೂ ತನಕ ಊರಾಗ ಒಬ್ಬರಿಗೂ ಕೇಳಲಿಲ್ಲೇನು?"

ಅವಳಿಗೆ ಗೊತ್ತಿರಲಿಲ್ಲ. ಆ ಕ್ಷಣದ ತನಕ ನಿಜವಾಗಿಯೂ ಗೊತ್ತಿರಲಿಲ್ಲ, ಅವಳು ಕೇಳಿದ್ದು ಬರೀ ಪ್ರಶ್ನೆ. ಹಬ್ಬದ ಆ ಬಡಿತ ನಮ್ಮವರ ಪೆಟ್ಟಿನ ಹಾಗಿತ್ತು ಅಂತ ಅವಳಿಗೆ ನಾವು ಯಾರೂ ಹೇಳಿರಲಿಲ್ಲ. ಅವಳು ಪೆಟ್ಟಿಗೆಗೆ ಕೈ ಹಾಕಿ ಚಾಣ ತೆಗೆದಳು. ಸೊಂಟದಲ್ಲಿ ಸಿಕ್ಕಿಸಿದ್ದ ಸುತ್ತಿಗೆ ತೆಗೆದಳು. ಬೈಗುಳದ ಕಟ್ಟೆಯ ಕಲ್ಲಿಗೆ ಚಾಣ ಇಟ್ಟು, ಅವನು ಹೇಗೆ ಕೊರೆದಿದ್ದ ಅಂತ ನಮಗೆ ತೋರಿಸುವವಳ ಹಾಗೆ ಬಡಿದಳು.

ಮೂರು ಪೆಟ್ಟು. ಒಂದು ಉಸಿರು.

ಮೂರು ಪೆಟ್ಟು. ಒಂದು ಉಸಿರು.

ದಿನವೂ ಕೇಳುವ ಸದ್ದು ಅದು. ಆದರೆ ಆ ಚಾಣದಿಂದ, ಆ ಎಲುಬಿನ ಪಕ್ಕದಿಂದ ಬಂದಾಗ ಇಪ್ಪತ್ತೈದು ದಾಟಿದ ಒಬ್ಬೊಬ್ಬರ ಮುಖದ ಬಣ್ಣವೂ ಇಳಿಯಿತು. ಒಬ್ಬ ಮುದುಕಿ ಎರಡೂ ಕಿವಿ ಮುಚ್ಚಿಕೊಂಡಳು. ಹತ್ತೊಂಬತ್ತು ವರ್ಷದ ಕೆಳಗೂ ಅವಳು ಹಾಗೆಯೇ ಮುಚ್ಚಿಕೊಂಡಿದ್ದಳು. ಸೀಳುವವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಗ ಅವಳಿಗೆ ತಿಳಿಯಿತು. ಹಬ್ಬ ತಿಳಿಯಿತು, ಪಾಯಸ ತಿಳಿಯಿತು. ಅವಳ ಕೈ ನಿಲ್ಲಲಿಲ್ಲ.

ಅಯ್ಯನವರು ನನ್ನ ಕಡೆ ತಿರುಗಿದರು. ಅದೇ ದನಿ, ಅದೇ ಮಾತು.

"ಗಂಟಿ ಹೊಡಿ."

ಹಗ್ಗ ನನ್ನ ಕೈಯಲ್ಲೇ ಇತ್ತು. ಎಳೆಯುವುದು ಬಹಳ ಸುಲಭ, ಮೂವತ್ತು ವರ್ಷ ಎಳೆದ ಕೈ ಕೇಳದೆಯೇ ಎಳೆಯುತ್ತದೆ. ನಾನು ಹಗ್ಗ ಬಿಟ್ಟೆ. ನಡೆದು ಕಟ್ಟೆಯ ಹತ್ತಿರ ಹೋದೆ.

"ನನಗ ಕೇಳಿತ್ತು, ತಂಗಿ" ಅಂದೆ.

ಅವಳು ಬಡಿಯುವುದನ್ನು ನಿಲ್ಲಿಸಿದಳು. "ಎಷ್ಟ ದಿನ?"

"ಮೂರು."

"ನೀ ಏನ ಮಾಡ್ತಿದ್ದಿ?"

"ಗಂಟಿ ಹೊಡೀತಿದ್ದೆ. ಅಂವನ ಸಪ್ಪಳ ಯಾರಿಗೂ ಕೇಳಬಾರದಂತ."

ಅವಳು ನನ್ನ ಮುಖಕ್ಕೆ ಉಗುಳಿದ್ದರೆ ಒರೆಸಿಕೊಂಡು ನಿಲ್ಲುತ್ತಿದ್ದೆ. ಸುತ್ತಿಗೆ ಎತ್ತಿದ್ದರೆ ತಲೆ ಕೊಡುತ್ತಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಹತ್ತೊಂಬತ್ತು ವರ್ಷ ಬಾರದಿದ್ದ ನೀರು ಆಗ ಅವಳ ಕಣ್ಣಿಗೆ ಬಂತು, ಬಿಳಿಧೂಳಿನ ಕೆನ್ನೆಯ ಮೇಲೆ ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಗಂಟೆ ಮೊಳಗಿತು. ತಿರುಗಿ ನೋಡಿದರೆ ಅಯ್ಯನವರೇ ಹಗ್ಗ ಹಿಡಿದಿದ್ದರು. ಎಪ್ಪತ್ತು ದಾಟಿದ ಜೀವ, ನಿಲುವಂಗಿ ಕಾಲಿಗೆ ತೊಡರುತ್ತಿತ್ತು, ಆದರೂ ಎಳೆಯುತ್ತಿದ್ದರು. ಅವರ ಹಿಂದೆ ಬೆಳ್ಳಗಿನ ಗೋಡೆ. ಪರಊರಿನವರು ಇದೂ ಪೂಜೆಯ ಭಾಗವೆಂದು ತಿಳಿದು ಕೈಮುಗಿದರು.

ಸೀಳುವವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಸಾಲಿನ್ಯಾಗ ನಿನ್ನ ಪಾಳಿ ಇನ್ನೂ ಐತಿ, ಅಣ್ಣಾ" ಅಂದಳು. "ನೀ ಇನ್ನೂ ಹೇಳಿಲ್ಲ. ಹೇಳು. ಹೆಸರ ಹಿಡದು ಹೇಳು."

ನಾನು ಎಲುಬಿನ ಮುಂದೆ ನಿಂತೆ. ನನ್ನ ಹಿಂದೆ ಯಾರೋ ಬಂದು ನಿಂತರು. ಬೂದಿಯ ವಾಸನೆ ಬಂತು, ಕಮ್ಮಾರ ಅಂತ ತಿಳಿಯಿತು. ಉಳಿದವರು ಕದಲಲಿಲ್ಲ. ಅವಳ ಮಗಳು ತಾಯಿಯ ಪಕ್ಕಕ್ಕೆ ಬಂದು, ಹುಟ್ಟಿದಂದಿನಿಂದ ಊರಿನಲ್ಲಿ ಯಾರೂ ಆಡದ ಆ ಹೆಸರನ್ನು ಕೇಳಲು ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಗಂಟೆ ನಿಲ್ಲಲಿಲ್ಲ. ಅದಕ್ಕೆ ನಾನು ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕಾಯಿತು.

"ಎಜ್ರಪ್ಪಾ, ನೀ ಬಡದಿ. ನಾವು ಬಾಗಲಾ ತಗೀಲಿಲ್ಲ."